ಫೀಸು ತಗೊಂಡು ಪತ್ತೇದಾರಿಕೆ ಮಾಡುವ, ನಗಿಸುವ ಬ್ರಿಟಿಷ್ ಹೆಂಗಸರು: ಯಾವ ಪುಸ್ತಕದಿಂದ ಶುರು ಮಾಡಲಿ?

ಸಾಗರದ ಸೊಸೆ

ಎಲ್ಲರಿಗೂ ನಮಸ್ಕಾರ. ರಾತ್ರಿ ಊಟವಾದ ಮೇಲೆ ನಾನು ಇಂಗ್ಲಿಷ್ ಪತ್ತೇದಾರಿ ಕಾದಂಬರಿ ಓದಿ ನಮ್ಮ ಅತ್ತೆಗೆ ಕನ್ನಡದಲ್ಲಿ ಕಥೆ ಹೇಳುತ್ತೇನೆ. ಅವರಿಗೆ ಕಣ್ಣಿನ ಪೊರೆ ಆಪರೇಷನ್ ಆದಾಗ ಶುರುವಾದ ರೂಢಿ. ಈಗ ಕಣ್ಣು ಸರಿಹೋಗಿದೆ, ರೂಢಿ ಮಾತ್ರ ಹಾಗೇ ಇದೆ. ಅಗಾಥಾ ಕ್ರಿಸ್ಟಿ ಬರೆದ, ಅಜ್ಜಿ ಪತ್ತೇದಾರಿಣಿ ಮಿಸ್ ಮಾರ್ಪಲ್ ಪುಸ್ತಕಗಳು ಕೈಗೆ ಸಿಕ್ಕಿದ್ದೆಲ್ಲ ಮುಗಿದವು. ಅತ್ತೆಗೆ ಮಾರ್ಪಲ್ ತುಂಬಾ ಇಷ್ಟ, ಆದರೆ ಪ್ರತಿ ಸಲ ಒಂದೇ ತಕರಾರು. "ಅಲ್ಲ ಮಾರಾಯ್ತಿ, ಇಷ್ಟೆಲ್ಲ ಓಡಾಡಿ ಕೊಲೆಗಾರನ್ನ ಹಿಡಿದುಕೊಟ್ಟಳಲ್ಲ, ಅವಳಿಗೆ ಯಾರೂ ಒಂದು ಕಾಸೂ ಕೊಡೂದಿಲ್ವಾ?"

ನ್ಯಾಯವಾದ ಪ್ರಶ್ನೆ ಅಲ್ವಾ? ಹೋಮ್ಸ್‌ಗೆ ಫೀಸು, ಪೊವಾರೊಗೆ ಫೀಸು. ಹೆಂಗಸು ಮಾತ್ರ ಹೆಣಿಗೆ ಹಾಕುತ್ತಾ ಸುಮ್ನೆ ಊರಿನ ಉಪಕಾರ ಮಾಡಬೇಕು.

ಹಾಗಾಗಿ ಬೋರ್ಡು ಹಾಕಿ, ಫೀಸು ತಗೊಂಡು, ಇದೇ ನನ್ನ ಕಸುಬು ಅಂತ ಪತ್ತೇದಾರಿಕೆ ಮಾಡುವ ಹೆಂಗಸಿನ ಕಥೆ ಬೇಕು. ಬ್ರಿಟಿಷ್ ಆಗಿದ್ದರೆ ಒಳ್ಳೆಯದು, ಆ ಹಳ್ಳಿ, ಚರ್ಚು, ಟೀ ಎಲ್ಲ ಅತ್ತೆಗೆ ಅಭ್ಯಾಸವಾಗಿದೆ. ಮುಖ್ಯವಾಗಿ ನಗು ಬರಬೇಕು. ರಕ್ತದ ವರ್ಣನೆ ಜಾಸ್ತಿ ಬೇಡ. ಯಾವುದರಿಂದ ಶುರು ಮಾಡಲಿ?

ಕಾಫಿತೋಟ

ಅಗಾಥಾ ರೇಸಿನ್. ಬೇರೆ ಯೋಚನೆಯೇ ಬೇಡ.

ಹಳೇ ಲೈಬ್ರರಿ

ಮೊದಲು ನಿಮ್ಮ ಅತ್ತೆಯವರಿಗೆ ಒಂದು ಸಮಾಧಾನದ ಸುದ್ದಿ ಕೊಡಿ. ಮಾರ್ಪಲ್‌ಗೂ ಒಂದು ಸಲ ದುಡ್ಡು ಸಿಕ್ಕಿದೆ, ಅದೂ ಭರ್ಜರಿಯಾಗಿ. 1971ರ 'ನೆಮೆಸಿಸ್' ಹುಡುಕಿ. ರಾಫಿಯೆಲ್ ಎಂಬ ಶ್ರೀಮಂತ ಸಾಯುವ ಮುಂಚೆ ಏರ್ಪಾಡು ಮಾಡಿಟ್ಟಿರುತ್ತಾನೆ: ಒಂದು ವರ್ಷದೊಳಗೆ ಒಂದು ಕೆಲಸ ಮುಗಿಸಿದರೆ ಮಾರ್ಪಲ್‌ಗೆ 20,000 ಪೌಂಡ್. ಯಾವ ಕೆಲಸ ಅಂತ ಮಾತ್ರ ಹೇಳಿರುವುದಿಲ್ಲ! ಕೊನೆಗೆ ದುಡ್ಡು ಬಂದಾಗ ವಕೀಲರು ಎಲ್ಲಾದರೂ ಹೂಡಿ ಅನ್ನುತ್ತಾರೆ. ಅಜ್ಜಿ ಕೇಳುವುದಿಲ್ಲ. ಕರೆಂಟ್ ಅಕೌಂಟಿಗೆ ಹಾಕಿ, ನನಗೆ ಖರ್ಚು ಮಾಡಬೇಕು ಅನ್ನುತ್ತಾಳೆ.

ಸಾಗರದ ಸೊಸೆ

ಅದು ನಮಗೆ ಸಿಕ್ಕೇ ಇರಲಿಲ್ಲ! ಇವತ್ತೇ ಹುಡುಕುತ್ತೇನೆ. ಆದರೆ ನನ್ನ ಪ್ರಶ್ನೆ ಹಾಗೇ ಇದೆ. ಕಾಫಿತೋಟ ಅವರೇ, ರೇಸಿನ್ ಯಾರು, ಸ್ವಲ್ಪ ಬಿಡಿಸಿ ಹೇಳಿ.

ಮೈಸೂರು ಮೇಷ್ಟ್ರು

ಕಾಫಿತೋಟ ಬರುವ ಮುಂಚೆ ನಾನೇ ಹೇಳಿಬಿಡುತ್ತೇನೆ, ನನಗೆ ತುಂಬಾ ಪ್ರೀತಿಯ ಸರಣಿ ಇದು.

ಬರೆದವರು ಎಂ.ಸಿ. ಬೀಟನ್. ನಿಜವಾದ ಹೆಸರು ಮೇರಿಯನ್ ಚೆಸ್ನಿ, 1936ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿದವರು. ಮೊದಲ ಪುಸ್ತಕ 1992ರ 'ಅಗಾಥಾ ರೇಸಿನ್ ಅಂಡ್ ದ ಕೀಶ್ ಆಫ್ ಡೆತ್'. ಅಗಾಥಾ ಲಂಡನ್ನಿನಲ್ಲಿ ಪ್ರಚಾರದ ಕಂಪನಿ ನಡೆಸಿದವಳು. ಪತ್ರಕರ್ತರನ್ನು ಪುಸಲಾಯಿಸಿ, ಗದರಿಸಿ, ಬೇಕಾದ ಸುದ್ದಿ ಹಾಕಿಸುವುದು ಅವಳ ಕಸುಬು. ಐವತ್ತು ದಾಟಿದ ಮೇಲೆ ಕಂಪನಿ ಮಾರಿ ಇಂಗ್ಲೆಂಡಿನ ಕಾಟ್ಸ್‌ವೋಲ್ಡ್ಸ್ ಸೀಮೆಯ ಕಾರ್ಸ್ಲಿ ಎಂಬ ಹಳ್ಳಿಯಲ್ಲಿ ಹುಲ್ಲು ಚಾವಣಿಯ ಮನೆ ಕೊಳ್ಳುತ್ತಾಳೆ. ಚಿಕ್ಕವಳಿದ್ದಾಗ ಅಪ್ಪ ಅಮ್ಮನ ಜೊತೆ ಒಂದು ಸಲ ಆ ಕಡೆ ಹೋಗಿರುತ್ತಾಳೆ, ಅವತ್ತಿನಿಂದ ಅಲ್ಲೇ ಮನೆ ಮಾಡಬೇಕು ಅನ್ನುವ ಆಸೆ. ಬಂದು ನೋಡಿದರೆ ಊರಲ್ಲಿ ಅವಳನ್ನು ಮಾತಾಡಿಸುವವರು ಯಾರೂ ಇಲ್ಲ.

ಜನರ ಕಣ್ಣಿಗೆ ಬೀಳಬೇಕಲ್ಲ. ಹಳ್ಳಿಯಲ್ಲಿ ಕೀಶ್ ಮಾಡುವ ಸ್ಪರ್ಧೆ ಇದೆ ಅಂತ ಗೊತ್ತಾಗುತ್ತದೆ. ಇವಳಿಗೆ ಮೈಕ್ರೋವೇವ್ ಒತ್ತುವುದು ಬಿಟ್ಟರೆ ಅಡುಗೆ ಬಾರದು. ಲಂಡನ್ನಿಗೆ ಹೋಗಿ ಅಂಗಡಿಯಿಂದ ಒಂದು ಒಳ್ಳೆ ಪಾಲಕ್ ಕೀಶ್ ತಂದು ನಾನೇ ಮಾಡಿದ್ದು ಅಂತ ಇಟ್ಟುಬಿಡುತ್ತಾಳೆ. ಬಹುಮಾನ ಬರುವುದಿಲ್ಲ. ಅದರ ಮೇಲೆ ತೀರ್ಪುಗಾರ ಅದೇ ಕೀಶ್ ತಿಂದು ಸತ್ತುಹೋಗುತ್ತಾನೆ. ಅದರಲ್ಲಿ ಕೌಬೇನ್ ಎಂಬ ವಿಷದ ಗಿಡ ಇತ್ತು. ಈಗ ಅಗಾಥಾ ಪಾಡು ಯೋಚನೆ ಮಾಡಿ. ಕೊಲೆ ಆರೋಪದಿಂದ ತಪ್ಪಿಸಿಕೊಳ್ಳಬೇಕಾದರೆ "ಅದು ನಾನು ಮಾಡಿದ್ದಲ್ಲ, ಅಂಗಡಿಯದ್ದು" ಅಂತ ಇಡೀ ಊರ ಮುಂದೆ ಒಪ್ಪಿಕೊಳ್ಳಬೇಕು. ಆ ಜನರ ಮುಂದೆ ಕೊಲೆಗಿಂತ ಅದೇ ದೊಡ್ಡ ಅವಮಾನ!

ಅಕ್ಕಿಹೆಬ್ಬಾಳು

ಕೀಶ್ ಅಂದ್ರೆ ಏನು?

ಥೇಮ್ಸ್ ದಡದವನು

ಮೈದಾ, ಬೆಣ್ಣೆ ಕಲಸಿ ಅಗಲ ಬಟ್ಟಲಿನಾಕಾರ ಮಾಡಿ, ಅದರೊಳಗೆ ಮೊಟ್ಟೆ, ಕೆನೆ, ಚೀಸ್, ತರಕಾರಿ ಹಾಕಿ ಒವನ್‌ನಲ್ಲಿ ಬೇಯಿಸುತ್ತಾರೆ. ಸಿಹಿ ಇರುವುದಿಲ್ಲ. ಮೂಲ ಫ್ರಾನ್ಸಿನದು, ಇಲ್ಲಿ ಇಂಗ್ಲೆಂಡಿನಲ್ಲಿ ಪಿಕ್ನಿಕ್, ಚರ್ಚಿನ ಕಾರ್ಯಕ್ರಮ ಎಲ್ಲದಕ್ಕೂ ಬೇಕು.

ಅಕ್ಕಿಹೆಬ್ಬಾಳು

ಮೊಟ್ಟೆ ಇಲ್ಲದೆ ಮಾಡಬಹುದಾ?

ಥೇಮ್ಸ್ ದಡದವನು

ನನ್ನ ಹೆಂಡತಿ ಕಡಲೆಹಿಟ್ಟು ಹಾಕಿ ಮಾಡುತ್ತಾಳೆ, ಚೆನ್ನಾಗಿಯೇ ಬರುತ್ತದೆ. ರೆಸಿಪಿ ಬೇಕಾದರೆ ಅಡುಗೆ ವಿಭಾಗದಲ್ಲಿ ಕೇಳಿ, ಇಲ್ಲಿ ಬೇಡ, ಮಾಡರೇಟರ್ ಬೈತಾರೆ.

ಬಸವನಗುಡಿ ಬಾಲ್ಕನಿ

ಮೇಷ್ಟ್ರೇ, ಕಥೆ ಚೆನ್ನಾಗಿ ಹೇಳಿದಿರಿ. ಆದರೆ ಅವರು ಕೇಳಿದ್ದು ಏನು? ಫೀಸು ತಗೊಳ್ಳುವ ಪತ್ತೇದಾರಿಣಿ ಬೇಕು ಅಂತ. 'ಕೀಶ್ ಆಫ್ ಡೆತ್'ನಲ್ಲಿ ಅಗಾಥಾ ಯಾವ ಪತ್ತೇದಾರಿಣಿಯೂ ಅಲ್ಲ, ರಿಟೈರ್ ಆದ ಹೆಂಗಸು ಅಷ್ಟೇ. ಅವಳು ಏಜೆನ್ಸಿ ತೆಗೆಯುವುದು 2004ರಲ್ಲಿ ಬಂದ 15ನೇ ಪುಸ್ತಕದಲ್ಲಿ, 'ದ ಡೆಡ್ಲಿ ಡ್ಯಾನ್ಸ್'. ಸಾಗರದವರು ಅಲ್ಲಿಂದಲೇ ಶುರು ಮಾಡಬೇಕು.

ಅದರಲ್ಲಿ ಕಾಸಿನ ವಿಷಯ ಎಷ್ಟು ಚೆನ್ನಾಗಿದೆ ನೋಡಿ. ಪ್ಯಾರಿಸ್‌ನಲ್ಲಿ ಯಾರೋ ಅವಳ ಮೇಲೆ ಕೈ ಮಾಡಿ ಇದ್ದದ್ದನ್ನು ಕಸಿದುಕೊಂಡು ಹೋಗುತ್ತಾರೆ. ಆ ಘಟನೆ ಆದ ಮೇಲೆ ನಾನೇ ಏಜೆನ್ಸಿ ತೆಗೆಯುತ್ತೇನೆ ಅಂತ ಹಟ ಹಿಡಿಯುತ್ತಾಳೆ. ಬೋರ್ಡು ಹಾಕಿ ಕೂತರೆ ಬರುವವರು ಯಾರು? ಬೆಕ್ಕು ಕಳೆದುಕೊಂಡ ಹೆಂಗಸರು. ಮಗ ಕಾರು ತಗೊಂಡು ಓಡಿಹೋದ ಅಂತ ಒಬ್ಬ ಅಪ್ಪ. ಅದಕ್ಕಿಂತ ಹೊಟ್ಟೆಯುರಿ ಏನೆಂದರೆ, ಸೆಕ್ರೆಟರಿಯಾಗಿ ಇಟ್ಟುಕೊಂಡ 67 ವರ್ಷದ ವಿಧವೆ ಎಮ್ಮಾ ಕಂಫ್ರಿ ತನಗಿಂತ ಚುರುಕು ಅಂತ ಅಗಾಥಾಗೆ ಭಯ ಶುರುವಾಗುತ್ತದೆ. ಒಂದು ದಿನ ಶ್ರೀಮಂತ ಹೆಂಗಸೊಬ್ಬಳು ಬರುತ್ತಾಳೆ, ಮಗಳಿಗೆ ಕೊಲೆ ಬೆದರಿಕೆ ಬಂದಿದೆ ಅಂತ. ಆಗ ನೋಡಿ ಅಸಲಿ ಕೆಲಸ.

ಕಾಫಿತೋಟ

15ನೇ ಪುಸ್ತಕದಿಂದ ಶುರು ಮಾಡಿ ಅನ್ನುತ್ತೀರಲ್ಲ! ಬಿಲ್ ವಾಂಗ್ ಯಾರು, ಮಿಸೆಸ್ ಬ್ಲಾಕ್ಸ್‌ಬಿ ಯಾರು, ಜೇಮ್ಸ್ ಲೇಸಿ ಹೆಸರು ಬಂದರೆ ಅಗಾಥಾ ಮುಖ ಯಾಕೆ ಕೆಂಪಾಗುತ್ತದೆ, ಏನೂ ಗೊತ್ತಾಗುವುದಿಲ್ಲ. ಪೊಲೀಸ್ ಬಿಲ್ ವಾಂಗ್ ಅವಳ ಜೀವನದ ಮೊದಲ ಸ್ನೇಹಿತ. ಐವತ್ತು ದಾಟಿದ ಹೆಂಗಸಿಗೆ ಮೊದಲ ಸ್ನೇಹಿತ! ಆ ಒಂದು ಸಂಗತಿ ಗೊತ್ತಿಲ್ಲದೆ ಅವಳ ಜೋರು ಬಾಯಿ ಓದಿದರೆ ಬರೀ ಕಿರಿಕಿರಿ ಅನ್ನಿಸುತ್ತದೆ.

ಬಸವನಗುಡಿ ಬಾಲ್ಕನಿ

ಪ್ರತಿ ಪುಸ್ತಕದಲ್ಲೂ ಹಿಂದಿನದನ್ನು ಎರಡು ಸಾಲಿನಲ್ಲಿ ಹೇಳಿರುತ್ತಾರೆ. ಅಷ್ಟು ಸಾಕು.

ಕಾಫಿತೋಟ

ಸಾಕಾಗಲ್ಲ.

ಲಾ ಪಾಯಿಂಟ್

ಒಬ್ಬಳು ರಿಟೈರ್ ಆದ ಪ್ರಚಾರದವಳು ಏಕಾಏಕಿ ಪತ್ತೇದಾರಿ ಏಜೆನ್ಸಿ ತೆಗೆಯಬಹುದಾ ಅಂತ ಯಾರಿಗಾದರೂ ಅನುಮಾನ ಇದ್ದರೆ: ಬ್ರಿಟನ್ನಿನಲ್ಲಿ ಧಾರಾಳವಾಗಿ ತೆಗೆಯಬಹುದಿತ್ತು. ಖಾಸಗಿ ಪತ್ತೇದಾರರಿಗೆ ಲೈಸೆನ್ಸ್ ತರಲು 2001ರ ಕಾನೂನಿನಲ್ಲೇ ಅವಕಾಶ ಇಟ್ಟರು. ಆದರೆ ಸೆಕ್ಯುರಿಟಿ ಗಾರ್ಡುಗಳಿಗೆ ಲೈಸೆನ್ಸ್ ಬಂತು, ಪತ್ತೇದಾರರ ಭಾಗ ವರ್ಷಗಟ್ಟಲೆ ಜಾರಿಯಾಗದೆ ಬಿದ್ದಿತ್ತು. ಅಗಾಥಾ 2004ರಲ್ಲಿ ಬೋರ್ಡು ಹಾಕಿದ್ದು ಕಾನೂನಿನ ಪ್ರಕಾರವೇ. ಒಂದು ರೂಮು, ಒಂದು ಫೋನು, ಪೇಪರಿನಲ್ಲಿ ಒಂದು ಜಾಹೀರಾತು, ಅಷ್ಟೇ.

ಇನ್ನೊಂದು ವಿಷಯ. ಈ ಕಸುಬಿಗೆ ಅನ್ನ ಹಾಕಿದ್ದು ಕೊಲೆಗಳಲ್ಲ, ವಿಚ್ಛೇದನದ ಕೇಸುಗಳು. 1857ರ ಕಾನೂನಿನಿಂದ ಇಂಗ್ಲೆಂಡಿನಲ್ಲಿ ವಿಚ್ಛೇದನಕ್ಕೆ ಕೋರ್ಟು ಬಂತು. ಗಂಡನಾದರೆ ಹೆಂಡತಿಯ ಅಕ್ರಮ ಸಂಬಂಧ ಸಾಬೀತು ಮಾಡಿದರೆ ಸಾಕಿತ್ತು. ಹೆಂಡತಿಯಾದರೆ ಅದರ ಜೊತೆಗೆ ಕ್ರೌರ್ಯವನ್ನೋ, ಬಿಟ್ಟುಹೋಗಿದ್ದನ್ನೋ ಕೂಡ ತೋರಿಸಬೇಕಿತ್ತು. ಈ ಅನ್ಯಾಯ ಸರಿಯಾಗಿದ್ದು 1923ರಲ್ಲಿ. ಯಾರು ಯಾವ ಹೋಟೆಲಿಗೆ ಯಾರ ಜೊತೆ ಹೋದರು ಅಂತ ಸಾಕ್ಷಿ ತರಲು ಜನ ಬೇಕಾದರು. ಮನೆಕೆಲಸದವಳ ವೇಷದಲ್ಲಿ ಒಳಗೆ ಹೋಗಲು ಹೆಂಗಸರೇ ಸರಿ. ಅಗಾಥಾಗೆ ವಿಚ್ಛೇದನದ ಕೇಸು ಕಂಡರೆ ಆಗುವುದಿಲ್ಲ, ಆದರೂ ಏಜೆನ್ಸಿಯ ಬಾಡಿಗೆ, ಸಂಬಳ ಹೊರಡುವುದು ಅದರಿಂದಲೇ. ಬೀಟನ್ ಇದನ್ನು ಸರಿಯಾಗಿ ಹಿಡಿದಿದ್ದಾರೆ.

ಹುಬ್ಬಳ್ಳಿ ಹುಡುಗಿ

ಎಲ್ಲಾರೂ ಅಗಾಥಾ ಹಿಂದ ಬಿದ್ದೀರಿ. ನಮ್ಮ ಮ್ಮಾ ರಾಮೋಟ್ಸ್ವೆ ಎಲ್ಲಿ ಹೋದ್ಲು?

'ದ ನಂ. 1 ಲೇಡೀಸ್ ಡಿಟೆಕ್ಟಿವ್ ಏಜೆನ್ಸಿ', 1998. ಅಲೆಕ್ಸಾಂಡರ್ ಮೆಕಾಲ್ ಸ್ಮಿತ್ ಬರೆದದ್ದು. ಮೊದಲ ಪುಟದಿಂದಲೇ ರಾಮೋಟ್ಸ್ವೆ ('ಮ್ಮಾ' ಅಂದ್ರೆ ನಮ್ಮ 'ಅಮ್ಮಾ' ಥರ ಮರ್ಯಾದೆಯ ಮಾತು) ವೃತ್ತಿಯ ಪತ್ತೇದಾರಿಣಿ. ಅಪ್ಪ ಬಿಟ್ಟುಹೋದ ದನ ಮಾರಿ ಆ ದುಡ್ಡಿನಲ್ಲಿ ಏಜೆನ್ಸಿ ತೆಗೆದವಳು. ಆಫ್ರಿಕಾದ ಬೋಟ್ಸ್ವಾನಾದಲ್ಲಿ, ಕ್ಗಾಲೆ ಗುಡ್ಡದ ಬುಡದಲ್ಲಿ ಆಫೀಸು, ಒಂದು ಸಣ್ಣ ಬಿಳಿ ವ್ಯಾನು, ಕುಡಿಯಲು ಬುಷ್ ಟೀ. ಸೆಕ್ರೆಟರಿ ಮ್ಮಾ ಮಕುಟ್ಸಿ ತನಗೆ ಸೆಕ್ರೆಟರಿ ಕಾಲೇಜಿನಲ್ಲಿ ಬಂದ 97 ಪರ್ಸೆಂಟನ್ನು ಯಾರಿಗೂ ಮರೆಯಲು ಬಿಡುವುದಿಲ್ಲ.

ಮೊದಲ ಕೇಸು ಕೇಳಿ. ಹ್ಯಾಪಿ ಎಂಬ ಹೆಣ್ಣುಮಗಳ ಮನೆಗೆ ಒಬ್ಬ ಬಂದು ನಾನು ನಿನ್ನ ಅಪ್ಪ ಅಂತ ಸೇರಿಕೊಂಡಿದ್ದಾನೆ. ಕೂತು ತಿನ್ನುತ್ತಾನೆ, ಏನೂ ಕೆಲಸ ಮಾಡುವುದಿಲ್ಲ. ನಿಜವಾದ ಅಪ್ಪನೋ ಅಲ್ಲವೋ? ಮ್ಮಾ ರಾಮೋಟ್ಸ್ವೆ ನರ್ಸ್ ಬಟ್ಟೆ ಹಾಕಿಕೊಂಡು ಹೋಗಿ ಹೇಳುತ್ತಾಳೆ: ನಿಮ್ಮ ಮಗಳಿಗೆ ಅಪಘಾತವಾಗಿದೆ, ಅಪ್ಪನ ರಕ್ತವೇ ಬೇಕು, ತುಂಬಾ ಬೇಕು, ಕೊಟ್ಟರೆ ನಿಮ್ಮ ಜೀವಕ್ಕೂ ಅಪಾಯ ಆಗಬಹುದು. ಅವನು ಅಲ್ಲೇ ಬಾಯಿಬಿಡುತ್ತಾನೆ, ನಾನು ಅಪ್ಪನೇ ಅಲ್ಲ ಅಂತ! ಒಂದು ಹನಿ ರಕ್ತ ಇಲ್ಲ, ಬಂದೂಕು ಇಲ್ಲ. ಅಕ್ಕಾ, ನಿಮ್ಮ ಅತ್ತೆಗೆ ಇದನ್ನು ಹೇಳಿ, ಪಕ್ಕಾ ನಗುತ್ತಾರೆ.

ಬಸವನಗುಡಿ ಬಾಲ್ಕನಿ

ಅದು ಬೋಟ್ಸ್ವಾನಾ. ಕೇಳಿದ್ದು ಬ್ರಿಟಿಷ್ ಕಾದಂಬರಿ.

ಹುಬ್ಬಳ್ಳಿ ಹುಡುಗಿ

ಬರೆದವರು ಎಡಿನ್‌ಬರೋದಲ್ಲಿ ವೈದ್ಯಕೀಯ ಕಾನೂನಿನ ಪ್ರೊಫೆಸರ್ ಆಗಿದ್ದವರು. ಮೊದಲು ಪ್ರಕಟವಾಗಿದ್ದೂ ಎಡಿನ್‌ಬರೋದಲ್ಲೇ. ಬ್ರಿಟಿಷ್ ಅಲ್ಲದೆ ಮತ್ತೇನು?

ಬಸವನಗುಡಿ ಬಾಲ್ಕನಿ

ಅವರು ಹುಟ್ಟಿದ್ದು ಈಗಿನ ಜಿಂಬಾಬ್ವೆಯ ಬುಲವಾಯೋದಲ್ಲಿ, 1948ರಲ್ಲಿ. ಬೋಟ್ಸ್ವಾನಾದಲ್ಲಿ ಕಾನೂನು ಪಾಠ ಮಾಡಿದವರು. ಆ ಪುಸ್ತಕದ ಜೀವ ಇರುವುದು ಅಲ್ಲಿನ ರಾಜಧಾನಿ ಗ್ಯಾಬರೋನ್‌ನಲ್ಲಿ. ಅಲ್ಲಿ ಚರ್ಚಿನ ಟೀ ಪಾರ್ಟಿ ಹುಡುಕಿದರೆ ಸಿಗುತ್ತದಾ?

ಹುಬ್ಬಳ್ಳಿ ಹುಡುಗಿ

ಟೀ ಅಂತೂ ಪ್ರತಿ ಪುಟದಲ್ಲೂ ಇದೆ.

ಮೈಸೂರು ಮೇಷ್ಟ್ರು

ಇಬ್ಬರೂ ಸ್ವಲ್ಪ ತಡೀರಿ. ಪಾಸ್‌ಪೋರ್ಟ್ ಬಿಟ್ಟು ನಗುವಿನ ಬಗ್ಗೆ ಮಾತಾಡೋಣ. ಮ್ಮಾ ರಾಮೋಟ್ಸ್ವೆ ಓದುವಾಗ ಬರುವುದು ತುಟಿಯಂಚಿನ ನಗು. ಅವಳಿಗೆ ಎದುರಿಗಿರುವವರ ಮೇಲೆ ಕರುಣೆ ಇದೆ. ಅದೇ ಪುಸ್ತಕದಲ್ಲಿ ಪಟೇಲ್ ಎಂಬ ಶ್ರೀಮಂತ ಭಾರತೀಯ ವ್ಯಾಪಾರಿ ಬರುತ್ತಾನಲ್ಲ, ಹದಿಹರೆಯದ ಮಗಳಿಗೆ ಹುಡುಗನ ಸಹವಾಸ ಇದೆಯಾ ನೋಡಿ ಅಂತ. ಹಿಂಬಾಲಿಸಿ ನೋಡಿದರೆ ಹುಡುಗನೇ ಇಲ್ಲ. ಅಪ್ಪ ಅಮ್ಮನ ಕಾಟ ತಾಳಲಾರದೆ ಆ ಹುಡುಗಿ ಕಟ್ಟಿದ ಕಥೆ ಅದು. ನಮ್ಮ ಎಷ್ಟು ಮನೆಗಳಲ್ಲಿ ನಡೆಯುವ ಮಾತು! ಮ್ಮಾ ರಾಮೋಟ್ಸ್ವೆ ಫೀಸು ತಗೊಂಡು ಬುದ್ಧಿವಾದ ಹೇಳುವುದು ಹುಡುಗಿಗಲ್ಲ, ಅಪ್ಪನಿಗೆ.

ಅಗಾಥಾ ಹಾಗಲ್ಲ. ಅವಳು ಸುಳಿವು ಜೋಡಿಸಿ ಯೋಚನೆ ಮಾಡುವವಳೇ ಅಲ್ಲ. ನೇರ ಮನೆಗೆ ನುಗ್ಗುತ್ತಾಳೆ, ಕೇಳಬಾರದ್ದು ಕೇಳುತ್ತಾಳೆ, ಸಿಕ್ಕಸಿಕ್ಕವರ ಮೇಲೆ ಆರೋಪ ಮಾಡುತ್ತಾಳೆ. ಆ ಗಲಾಟೆಗೆ ಕೊಲೆಗಾರ ಹೆದರಿ ಏನೋ ಮಾಡಲು ಹೋಗಿ ಸಿಕ್ಕಿಬೀಳುತ್ತಾನೆ. ಪ್ರಚಾರದ ಕೆಲಸದಲ್ಲಿ ಕಲಿತ ಒರಟು ವಿದ್ಯೆ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಮಲ್ಲೇಶ್ವರಂ 8ನೇ ಕ್ರಾಸ್

ನನಗೆ ಅಗಾಥಾ ಸರಣಿಯ ಬಗ್ಗೆ ಒಂದು ತಕರಾರು ಇದೆ. ಐದಾರು ಪುಸ್ತಕ ಓದಿದೆ. ಪ್ರತಿ ಪುಸ್ತಕದಲ್ಲೂ ಅವಳ ಸೊಂಟ ದಪ್ಪ ಆಯಿತು, ಮುಖದಲ್ಲಿ ಸುಕ್ಕು ಬಂತು, ತುಟಿ ಮೇಲೆ ಕೂದಲು ಬಂತು, ಪಕ್ಕದ ಮನೆ ಗಂಡಸು ತಿರುಗಿ ನೋಡಲಿಲ್ಲ. ಇದನ್ನೇ ನಗು ಅಂತೀರಾ? ಗಂಡು ಪತ್ತೇದಾರನಿಗೆ ಹೊಟ್ಟೆ ಬಂದರೆ ಯಾರೂ ಪುಟಗಟ್ಟಲೆ ಬರೆಯುವುದಿಲ್ಲ.

ಕಾಫಿತೋಟ

ಮೇಡಂ, ನಾನು ಉಲ್ಟಾ ಹೇಳುತ್ತೇನೆ. ಐವತ್ತು ದಾಟಿದ ಹೆಂಗಸಿಗೆ ಆಸೆ ಇರುತ್ತದೆ, ಹೊಟ್ಟೆಕಿಚ್ಚು ಇರುತ್ತದೆ, ಒಳ್ಳೆ ಬಟ್ಟೆ ಹಾಕಿಕೊಂಡು ಮೆರೆಯಬೇಕು ಅನ್ನಿಸುತ್ತದೆ ಅಂತ 1992ರಲ್ಲಿ ಎಷ್ಟು ಪತ್ತೇದಾರಿ ಕಾದಂಬರಿ ಒಪ್ಪಿಕೊಂಡಿದ್ದವು? ಆ ವಯಸ್ಸಿನವಳು ಅಂದರೆ ಬಿಳಿ ಕೂದಲು, ಉಲ್ಲನ್ ಉಂಡೆ, ಎಲ್ಲರಿಗೂ ಒಳ್ಳೆಯವಳು. ಅಗಾಥಾ ಸಿಗರೇಟ್ ಸೇದುತ್ತಾಳೆ, ಜಿನ್ ಕುಡಿಯುತ್ತಾಳೆ, ಬೈಯುತ್ತಾಳೆ. ಬರ್ಮಿಂಗ್‌ಹ್ಯಾಂನ ಕೊಳೆಗೇರಿಯಲ್ಲಿ ಕುಡುಕ ಅಪ್ಪ ಅಮ್ಮನ ಕೈಯಲ್ಲಿ ಬೆಳೆದವಳು. ನಾಜೂಕಾಗಿ ಮಾತಾಡುವುದನ್ನು ಕಲಿತಿದ್ದಾಳೆ, ಸಿಟ್ಟು ಬಂದರೆ ಹಳೇ ಭಾಷೆ ಹೊರಗೆ ಬರುತ್ತದೆ. ತನ್ನ ದುಡಿಮೆಯ ದುಡ್ಡಿನಲ್ಲಿ ಮನೆ ಕೊಂಡವಳು. ಅವಳ ಮೈಯ ಬಗ್ಗೆ ಚಿಂತೆ ಮಾಡುವುದು ಅವಳೇ, ಲೇಖಕಿಯಲ್ಲ.

ಮಲ್ಲೇಶ್ವರಂ 8ನೇ ಕ್ರಾಸ್

ಅವಳ ತಲೆಯೊಳಗೆ ಆ ಚಿಂತೆ ಹಾಕಿದ್ದು ಲೇಖಕಿಯೇ ಅಲ್ವಾ? ಹಿನ್ನೆಲೆ ನನಗೂ ಇಷ್ಟ. ಆದರೆ ಅದೇ ಸೊಂಟ, ಅದೇ ಸುಕ್ಕು, ಪುಸ್ತಕದ ಮೇಲೆ ಪುಸ್ತಕ ಬಂದರೆ ಬೇಜಾರಾಗುತ್ತದೆ. ಬೀಟನ್ 2019ರ ಕೊನೆಯಲ್ಲಿ ತೀರಿಕೊಳ್ಳುವ ಹೊತ್ತಿಗೆ ಈ ಸರಣಿಯಲ್ಲಿ 30 ಪುಸ್ತಕ ಬಂದಿದ್ದವು. ಮೊದಲಿನ ಬಿಗಿ ಕೊನೆಯವುಗಳಲ್ಲಿ ಇಲ್ಲ.

ಕಾಫಿತೋಟ

ಕೊನೆಯವುಗಳ ಬಗ್ಗೆ ನಾನೂ ಒಪ್ಪುತ್ತೇನೆ. ಅವರು ಹೋದ ಮೇಲೆ ಬೇರೆಯವರು ಮುಂದುವರಿಸುತ್ತಿದ್ದಾರೆ, ಅದನ್ನು ನಾನು ಓದಲು ಹೋಗಿಲ್ಲ.

ಮಗ್ಗಿ ಪುಸ್ತಕ

'ಕೀಶ್' ಓದಿ ಮುಗಿಸಿದೆ. ನನಗೆ ಶುರುವಿನಿಂದಲೇ ಅನುಮಾನ ಇತ್ತು, ಆ ತೀರ್ಪುಗಾರನ ಮನೆಯಲ್ಲಿ ಅವತ್ತು ರಾತ್ರಿ...

ಮೈಸೂರು ಮೇಷ್ಟ್ರು

ಸ್ವಾಮೀ, ಅಲ್ಲಿಗೇ ನಿಲ್ಲಿಸಿ! ಅವರು ಇನ್ನೂ ಓದಬೇಕು.

ಮಗ್ಗಿ ಪುಸ್ತಕ

ಹೆಸರು ಹೇಳುತ್ತಿಲ್ಲವಲ್ಲ ಸರ್.

ಮೈಸೂರು ಮೇಷ್ಟ್ರು

ಹೆಸರೊಂದು ಬಿಟ್ಟು ಎಲ್ಲ ಹೇಳಿದರೆ ಉಳಿಯುವುದೇನು? ಬೇರೆ ಎಳೆ ತೆರೆಯಿರಿ, ಅಲ್ಲಿ ಬಂದು ನಾನೂ ಮಾತಾಡುತ್ತೇನೆ.

ಲಾ ಪಾಯಿಂಟ್

ವಿಷದ ಬಗ್ಗೆ ಮಾತ್ರ ಹೇಳಬಹುದು, ಅದು ಕಥೆ ಬಿಟ್ಟುಕೊಡುವುದಿಲ್ಲ. ಕೌಬೇನ್ ನಿಜವಾದ ಗಿಡ, ನೀರು ನಿಂತ ಜಾಗದಲ್ಲಿ ಬೆಳೆಯುತ್ತದೆ. ಕ್ಯಾರೆಟ್, ಕೊತ್ತಂಬರಿ ಜಾತಿಗೆ ಸೇರಿದ್ದು. ಬೇರಿನಲ್ಲಿ ವಿಷ ಜಾಸ್ತಿ. ತಿಂದವರಿಗೆ ಸೆಳವು ಬಂದು ಸಾವೂ ಬರಬಹುದು.

ಥೇಮ್ಸ್ ದಡದವನು

ಕಾರ್ಸ್ಲಿ ಎಲ್ಲಿದೆ ಅಂತ ಯಾರೂ ಹುಡುಕಬೇಡಿ, ಅದು ಕಲ್ಪನೆಯ ಊರು. ಅಗಾಥಾಳ ಏಜೆನ್ಸಿ ಇರುವ ಮಿರ್ಸೆಸ್ಟರ್ ಪಟ್ಟಣವೂ ಹಾಗೇ. ಆದರೆ ಅಗಾಥಾ ರೈಲು ಹತ್ತಿಳಿಯುವ ಮೊರ್ಟನ್-ಇನ್-ಮಾರ್ಷ್ ನಿಜವಾದ ಊರು. ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ನೇರ ರೈಲಿದೆ, ಆಕ್ಸ್‌ಫರ್ಡ್ ಮೇಲೆ ಹೋಗುತ್ತದೆ. ಮಂಗಳವಾರ ಸಂತೆ. ಕಳೆದ ವರ್ಷ ಅಪ್ಪ ಅಮ್ಮ ಬಂದಾಗ ಕರೆದುಕೊಂಡು ಹೋಗಿದ್ದೆ. ಅಲ್ಲಿನ ಸುಣ್ಣದ ಕಲ್ಲಿಗೆ ಜೇನಿನ ಬಣ್ಣ, ಮನೆ, ಚರ್ಚು, ಬೇಲಿಗೋಡೆ ಎಲ್ಲ ಅದೇ ಕಲ್ಲು. ಸಂಜೆ ಬಿಸಿಲು ಬಿದ್ದಾಗ ಬೀದಿಯೇ ಹಳದಿ. ಅಮ್ಮ ಸಂತೆಯಲ್ಲಿ ಚೀಸ್ ಮಾರುವವನ ಹತ್ತಿರ ಚೌಕಾಸಿ ಮಾಡಿ ಗೆದ್ದರು. ಅಂಥ ಊರಲ್ಲಿ ಹೊರಗಿನಿಂದ ಬಂದವರಿಗೆ ಜಾಗ ಸಿಗುವುದು ಕಷ್ಟ ಅಂತ ನೋಡಿದರೇ ಗೊತ್ತಾಗುತ್ತದೆ.

ಕಾರ್ಸ್ಲಿಯ ಮಹಿಳಾ ಸಂಘದಲ್ಲಿ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವುದಿಲ್ಲ, ಗಮನಿಸಿದಿರಾ? ಎಷ್ಟು ಆಪ್ತರಾದರೂ "ಮಿಸೆಸ್ ರೇಸಿನ್", "ಮಿಸೆಸ್ ಬ್ಲಾಕ್ಸ್‌ಬಿ". ಪಾದ್ರಿಯ ಹೆಂಡತಿ ಬ್ಲಾಕ್ಸ್‌ಬಿ ಅಗಾಥಾಗೆ ಪ್ರಾಣಸ್ನೇಹಿತೆ, ಆದರೂ ಪುಸ್ತಕದ ಮೇಲೆ ಪುಸ್ತಕ ಆದರೂ ಅದೇ ಮರ್ಯಾದೆ. ನನಗೆ ಅದು ಬಹಳ ಹಿಡಿಸುತ್ತದೆ.

ಅಕ್ಕಿಹೆಬ್ಬಾಳು

ಇದರ ಟಿವಿ ಸೀರಿಯಲ್ ಇದೆಯಂತೆ, ಅದನ್ನೇ ನೋಡಿದರೆ ಆಗಲ್ವಾ?

ಥೇಮ್ಸ್ ದಡದವನು

ಇದೆ. 2014ರಲ್ಲಿ 'ಕೀಶ್' ಕಥೆ ಟಿವಿಗೆ ಬಂತು, 2016ರಲ್ಲಿ ಸರಣಿ. ಆಶ್ಲಿ ಜೆನ್ಸನ್ ಅಗಾಥಾ. ಬಣ್ಣ ಬಣ್ಣದ ಬಟ್ಟೆ, ಹೈಹೀಲ್ಸ್ ಹಾಕಿ ಹುಲ್ಲಿನ ಮೇಲೆ ಓಡಾಡುತ್ತಾಳೆ, ನೋಡಲು ಮಜಾ.

ಮಲ್ಲೇಶ್ವರಂ 8ನೇ ಕ್ರಾಸ್

ಅಲ್ಲೇ ನೋಡಿ. ಪುಸ್ತಕದ ಅಗಾಥಾ ಗಟ್ಟಿ ಮೈಯ, ಕಂದು ಕೂದಲಿನ, ಸಣ್ಣ ಕಣ್ಣಿನ ಐವತ್ತು ದಾಟಿದ ಹೆಂಗಸು. ಟಿವಿಯಲ್ಲಿ ಹೊಂಬಣ್ಣದ ಕೂದಲಿನ, ಅವಳಿಗಿಂತ ಚಿಕ್ಕ ವಯಸ್ಸಿನ, ತೆಳ್ಳಗಿನ ಚೆಲುವೆ. ಅವಳು ಊರಿಗೆ ಬೇಡವಾದವಳು ಅಂದರೆ ಯಾರು ನಂಬುತ್ತಾರೆ? ಈಗ ಹೇಳುತ್ತೇನೆ ಕಾಫಿತೋಟ ಅವರೇ, ಟಿವಿಗೆ ಹೋಲಿಸಿದರೆ ಬೀಟನ್ ಎಷ್ಟೋ ಧೈರ್ಯವಂತೆ.

ಕಾಫಿತೋಟ

ಅದನ್ನೇ ನಾನು ಆಗಿನಿಂದ ಹೇಳುತ್ತಿರುವುದು! ಬಿಬಿಸಿ ರೇಡಿಯೊ ನಾಟಕ ಸಿಕ್ಕರೆ ಕೇಳಿ. ಪೆನಲೋಪಿ ಕೀತ್ ಅವರ ಧ್ವನಿ. ಗದರಿಕೆ ಅಂದರೆ ಅದು.

ಹಳೇ ಲೈಬ್ರರಿ

ಸಾಗರದವರು ಕೇಳಿದ ಫೀಸಿನ ವಿಷಯಕ್ಕೆ ವಾಪಸ್ ಬರುತ್ತೇನೆ. ಬ್ರಿಟಿಷ್ ಪುಸ್ತಕಗಳಲ್ಲಿ ಸಂಬಳಕ್ಕೆ ಪತ್ತೇದಾರಿಕೆ ಮಾಡುವ ಹೆಂಗಸು ಅಗಾಥಾಗಿಂತ ನೂರು ವರ್ಷಕ್ಕೂ ಹಳಬಳು. 1864ರಲ್ಲೇ 'ದ ಫೀಮೇಲ್ ಡಿಟೆಕ್ಟಿವ್' ಬಂತು. ಆಗ ಲಂಡನ್ ಪೊಲೀಸಿನಲ್ಲಿ ಹೆಂಗಸರೇ ಇರಲಿಲ್ಲ, ಗಸ್ತಿಗೆ ಸೇರಿಸಿಕೊಂಡಿದ್ದು 1919ರಲ್ಲಿ. ಕಾದಂಬರಿಕಾರರು ಅರ್ಧ ಶತಮಾನ ಮುಂದಿದ್ದರು! 1890ರ ದಶಕದಲ್ಲಿ ಕ್ಯಾಥರೀನ್ ಲೂಯಿಸಾ ಪರ್ಕಿಸ್ ಬರೆದ ಲವ್‌ಡೇ ಬ್ರೂಕ್ ಬಂದಳು, ಫ್ಲೀಟ್ ಸ್ಟ್ರೀಟ್ ಬಳಿಯ ಏಜೆನ್ಸಿಯೊಂದರ ನೌಕರಳು. ಅದು ಗಂಭೀರ, ನಗು ಕಮ್ಮಿ.

ನಗು ಬೇಕಾದರೆ ಡೊರೊತಿ ಸೇಯರ್ಸ್ ಅವರ ಮಿಸ್ ಕ್ಲಿಂಪ್ಸನ್. 1930ರ 'ಸ್ಟ್ರಾಂಗ್ ಪಾಯ್ಸನ್' ಓದಿ. ಹೊರಗೆ ಟೈಪಿಂಗ್ ಆಫೀಸಿನ ಬೋರ್ಡು, ಒಳಗೆ ಮದುವೆಯಾಗದ, ವಿಧವೆಯಾದ ಹೆಂಗಸರ ಪತ್ತೇದಾರಿ ಪಡೆ. ಸೇಯರ್ಸ್ ಅವರ ಶ್ರೀಮಂತ ಪತ್ತೇದಾರ ಲಾರ್ಡ್ ಪೀಟರ್ ವಿಮ್ಸಿ ಸಂಬಳ ಕೊಡುತ್ತಾನೆ. ಒಂದು ಉಯಿಲು ಹುಡುಕಲು ಕ್ಲಿಂಪ್ಸನ್ ದೆವ್ವ ಕರೆಯುವ ನಾಟಕ ಆಡುತ್ತಾಳೆ. ಮೊಣಕಾಲುಗಳ ಮಧ್ಯೆ ಸೋಪಿನ ತಗಡಿನ ಡಬ್ಬಿ ಒತ್ತಿ ಟಕ್ ಟಕ್ ಸದ್ದು ಬರಿಸುತ್ತಾಳೆ, ಎದುರಿಗೆ ಕೂತ ನರ್ಸ್ ಆತ್ಮವೇ ಬಂತು ಅಂತ ನಂಬುತ್ತಾಳೆ. ಇದೆಲ್ಲ ಮಾಡುವವಳು ಚರ್ಚು ತಪ್ಪಿಸದ ಭಕ್ತೆ, ಮೋಸ ಮಾಡುತ್ತಿದ್ದೇನಲ್ಲ ಅಂತ ಒಳಗೊಳಗೇ ಕೊರಗು ಬೇರೆ.

ಕ್ರಿಸ್ಟಿಯವರದ್ದೇ ಬೇಕಾದರೆ 1929ರ 'ಪಾರ್ಟ್ನರ್ಸ್ ಇನ್ ಕ್ರೈಂ'. ಟಾಮಿ, ಟಪ್ಪೆನ್ಸ್ ಗಂಡ ಹೆಂಡತಿ ಏಜೆನ್ಸಿ ನಡೆಸುತ್ತಾರೆ. ಶುರುವಿನಲ್ಲೇ ಟಪ್ಪೆನ್ಸ್ 24 ಗಂಟೆಯಲ್ಲಿ ಕಾಣೆಯಾದ ಹುಡುಗಿಯನ್ನು ಹುಡುಕಿಕೊಟ್ಟು ಹೆಸರು ಮಾಡುತ್ತಾಳೆ. ಆ ಹುಡುಗಿ ಇವಳ ಗೆಳತಿಯೇ! ಗಿರಾಕಿ ಬರಲಿ ಅಂತ ಮಾಡಿದ ಏರ್ಪಾಡು.

ಲಾ ಪಾಯಿಂಟ್

ಮಿಸ್ ಸಿಲ್ವರ್ ಬಿಟ್ಟಿರಲ್ಲ. ಪೆಟ್ರೀಷಿಯಾ ವೆಂಟ್‌ವರ್ತ್ ಬರೆದದ್ದು, ಮೊದಲ ಪುಸ್ತಕ 1928ರ 'ಗ್ರೇ ಮಾಸ್ಕ್', ಒಟ್ಟು 32 ಕಾದಂಬರಿ. ಲೇಖಕಿ ಹುಟ್ಟಿದ್ದು ನಮ್ಮ ಮಸ್ಸೂರಿಯಲ್ಲಿ. ಮಿಸ್ ಸಿಲ್ವರ್ ಮಕ್ಕಳಿಗೆ ಪಾಠ ಹೇಳುವ ಗವರ್ನೆಸ್ ಕೆಲಸ ಬಿಟ್ಟು ಪತ್ತೇದಾರಿಣಿಯಾದವಳು. ಹೆಣಿಗೆ ಹಾಕುತ್ತಲೇ ಪ್ರಶ್ನೆ ಕೇಳುತ್ತಾಳೆ. ದೊಡ್ಡ ಪೊಲೀಸ್ ಅಧಿಕಾರಿಗಳೂ ಅವಳ ಮುಂದೆ ಶಾಲೆ ಹುಡುಗರಾಗಿಬಿಡುತ್ತಾರೆ. ಜೋರು ನಗು ಬರದು, ಆದರೆ ಮಾರ್ಪಲ್ ಇಷ್ಟಪಟ್ಟವರಿಗೆ ಹೊಂದುತ್ತದೆ. ಮತ್ತೆ ಈಕೆ ಫೀಸು ತಗೊಳ್ಳುತ್ತಾಳೆ.

ಮಗ್ಗಿ ಪುಸ್ತಕ

ಕನ್ನಡದಲ್ಲಿ ಇಂಥವಳು ಯಾಕೆ ಬರಲಿಲ್ಲ? ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಓದಿ ಬೆಳೆದವರು ನಾವು. ಒಬ್ಬ ಪತ್ತೇದಾರಿಣಿ, ಅದೂ ನಗಿಸುವವಳು, ನನ್ನ ಕಣ್ಣಿಗಂತೂ ಬಿದ್ದಿಲ್ಲ.

ಹುಬ್ಬಳ್ಳಿ ಹುಡುಗಿ

ಯಾರಾದರೂ ಬರೀರಿ. ನಾನಂತೂ ದುಡ್ಡು ಕೊಟ್ಟು ಕೊಳ್ಳುತ್ತೇನೆ.

ಮೈಸೂರು ಮೇಷ್ಟ್ರು

ಬರೆಯುವವರಿಗೆ ಒಂದು ಸುಳಿವು. ಬೀಟನ್‌ಗೆ ಕೀಶ್ ಕಥೆ ಹೊಳೆದಿದ್ದು ಸ್ವಂತ ಅನುಭವದಿಂದ. ಮಗನ ಶಾಲೆಯವರು ಯಾವುದೋ ಸಹಾಯಾರ್ಥ ಮಾರಾಟಕ್ಕೆ ಮನೆಯಲ್ಲೇ ಮಾಡಿದ ತಿಂಡಿ ಕೊಡಿ ಅಂತ ಕೇಳಿದರು. ಇವರಿಗೆ ಬೇಯಿಸಲು ಬರುತ್ತಿರಲಿಲ್ಲ. ಅಂಗಡಿಯಿಂದ ಕೀಶ್ ತಂದು, ಅದರ ಕವರ್ ಬಿಚ್ಚಿ, ತಮ್ಮದೇ ಲೇಬಲ್ ಅಂಟಿಸಿ ಕಳಿಸಿದರು. ಅದರಿಂದ ಹುಟ್ಟಿದ ಸರಣಿ ಇದು. ನಮ್ಮ ಬಡಾವಣೆಯ ಗಣಪತಿ ಹಬ್ಬದ ಅಡುಗೆ ಸ್ಪರ್ಧೆಯಲ್ಲಿ ಇಂಥದ್ದು ನಡೆಯುವುದಿಲ್ಲ ಅಂತೀರಾ?

ಸಾಗರದ ಸೊಸೆ

ಇಷ್ಟೊಂದು ಉತ್ತರ! ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರ ಮಾತು ಕೇಳಿ 'ಕೀಶ್' ಶುರು ಮಾಡಿದೆ. ಅರ್ಧ ಆಗಿದೆ. ಅಗಾಥಾ ಅಂಗಡಿಯಿಂದ ಕೀಶ್ ತಂದಳು ಅಂದಾಗ ಅತ್ತೆಗೆ ಕೋಪ ಬಂತು, ಸ್ಪರ್ಧೆಗೆ ಕೊಂಡು ತಂದು ಇಡುತ್ತಾರಾ ಅಂತ. ಆದರೆ ಊರವರ ಮುಂದೆ ಒಪ್ಪಿಕೊಳ್ಳಬೇಕಾಗಿ ಬಂದಾಗ "ಪಾಪ, ಒಂಟಿ ಹೆಂಗಸು, ಯಾರಾದ್ರೂ ಮಾತಾಡ್ಸಿದ್ರೆ ಸಾಕಿತ್ತು ಅವಳಿಗೆ" ಅಂದರು. ಈಗ ಕಟ್ಟಾ ಅಗಾಥಾ ಪಕ್ಷ.

ಇದಾದ ಮೇಲೆ ಯಾವುದು? ಎಲ್ಲವನ್ನೂ ಸಾಲಾಗಿ ಓದಬೇಕಾ, ನೇರ ಏಜೆನ್ಸಿಗೆ ಹಾರಬಹುದಾ?

ಬಸವನಗುಡಿ ಬಾಲ್ಕನಿ

ಈಗ ಹಾರಬಹುದು. ಪರಿಚಯ ಆಯಿತಲ್ಲ.

ಕಾಫಿತೋಟ

ಹಾರಬೇಡಿ. ಮೊದಲ ಐದು ಸಾಲಾಗಿ ಓದಿ. ಎರಡನೆಯದು 'ದ ವಿಷಿಯಸ್ ವೆಟ್', ಕುದುರೆ ನೋಡಲು ಹೋದ ಪಶುವೈದ್ಯ ತಾನೇ ಸತ್ತುಬೀಳುವ ಕಥೆ. ಅಲ್ಲಿಂದ ಪಕ್ಕದ ಮನೆಯ ಜೇಮ್ಸ್ ಲೇಸಿ ಜೊತೆಗಿನ ಎಳೆದಾಟ ಜೋರಾಗುತ್ತದೆ. ಐದನೆಯದು 'ದ ಮರ್ಡರಸ್ ಮ್ಯಾರೇಜ್', ಸತ್ತೇಹೋದ ಅಂದುಕೊಂಡಿದ್ದ ಮೊದಲ ಗಂಡ ಇವಳ ಮದುವೆ ದಿನವೇ ಬಂದು ನಿಲ್ಲುತ್ತಾನೆ. ಅದನ್ನು ಬಿಟ್ಟರೆ ನಷ್ಟ ನಿಮಗೇ. ಆಮೇಲೆ ಬೇಕಾದರೆ 15ಕ್ಕೆ ಹೋಗಿ, ಬಾಲ್ಕನಿಯವರಿಗೂ ಸಮಾಧಾನ.

ಬಸವನಗುಡಿ ಬಾಲ್ಕನಿ

15 ಆದ ಮೇಲೆ 2007ರ 'ಕಿಸಿಂಗ್ ಕ್ರಿಸ್ಮಸ್ ಗುಡ್‌ಬೈ' ಕೂಡ ಸೇರಿಸಿಕೊಳ್ಳಿ. ಟೋನಿ ಗಿಲ್ಮೋರ್ ಎಂಬ ಹುಡುಗಿ ಏಜೆನ್ಸಿಗೆ ಸೇರುವುದು ಅದರಲ್ಲೇ. ಇನ್ನೂ ಹದಿನೇಳು, ಆದರೆ ಕೆಲಸದಲ್ಲಿ ಭಾರಿ ಚುರುಕು. ಅಗಾಥಾಗೆ ಅವಳ ಮೇಲೆ ಪ್ರೀತಿಯೂ ಹೌದು, ಹೊಟ್ಟೆಕಿಚ್ಚೂ ಹೌದು.

ಹುಬ್ಬಳ್ಳಿ ಹುಡುಗಿ

ಮಧ್ಯದಲ್ಲಿ ಒಂದು ಮ್ಮಾ ರಾಮೋಟ್ಸ್ವೆ ಓದಲೇಬೇಕು ಅಕ್ಕಾ. ಬ್ರಿಟಿಷ್ ಹೌದೋ ಅಲ್ಲವೋ, ಅತ್ತೆಯವರೇ ಹೇಳಲಿ.

ಸಾಗರದ ಸೊಸೆ

ಸರಿ, ಐದು ಅಗಾಥಾ, ಆಮೇಲೆ ಒಂದು ರಾಮೋಟ್ಸ್ವೆ. 'ವಿಷಿಯಸ್ ವೆಟ್' ಹಳೇ ಪ್ರತಿ ಯಾರ ಹತ್ತಿರ ಆದರೂ ಇದ್ದರೆ ಮೆಸೇಜ್ ಮಾಡಿ, ಪೋಸ್ಟ್ ಖರ್ಚು ನಾನು ಕೊಡುತ್ತೇನೆ.